ನಾಲ್ಕನೆಯ ಪ್ಲಗ್ಗಿನ ಕೆಂಪು ಚುಕ್ಕೆ

ಶುಕ್ರವಾರ, ಬೆಳಿಗ್ಗೆ

ತಮ್ಮಾ,

ಮೊನ್ನೆ ಮಂಗಳವಾರ ಎಂಟೂ ಹತ್ತಕ್ಕೆ ಹನ್ನೊಂದು ಮಕ್ಕಳನ್ನು ತುಂಬಿಕೊಂಡ ಶಾಲೆಯ ವ್ಯಾನು ರೈಲು ಹಳಿಯ ಮೇಲೆ ನಿಂತುಹೋಯಿತು. ಅದರ ಹಿಂದಿನ ಶನಿವಾರ ನೀನು ತಪಾಸಣೆಯ ಹಾಳೆಯಲ್ಲಿ ‘ಎಂಜಿನ್ನಿನ ಸ್ಪಾರ್ಕ್ ಪ್ಲಗ್ ನಾಲ್ಕೂ ನೋಡಿದೆ, ಸರಿ ಇವೆ’ ಎಂದು ಬರೆದು ರುಜು ಹಾಕಿದ್ದೆ. ನೀನು ನೋಡಿರಲಿಲ್ಲ. ಕ್ಷೇಮ ಸಮಾಚಾರ ಆಮೇಲೆ ಕೇಳುತ್ತೇನೆ.

ಆ ವ್ಯಾನಿನಲ್ಲಿದ್ದ ಮೊಮ್ಮಗಳು ಆವತ್ತಿನಿಂದ ಸೈಕಲ್ ಗಂಟೆ ಕೇಳಿದರೂ ಮೇಜಿನ ಕೆಳಗೆ ಹೋಗಿ ಕೂರುತ್ತಾಳೆ. ಅವಳು ಹೇಳಿದ್ದಿಷ್ಟು: ಹಳಿಯ ಏರಿಗೆ ಬರುತ್ತಲೇ ವ್ಯಾನು ಎರಡು ಸಲ ಜಗ್ಗಿ ಸುಮ್ಮನಾಯಿತಂತೆ. ಗೇಟಿನ ಗಂಟೆ ಬಡಿಯತೊಡಗಿತಂತೆ. ಡ್ರೈವರ್ ಮಾಮ ಕೀಲಿ ತಿರುಗಿಸುತ್ತ, “ಸ್ಟಾರ್ಟ್ ಆಗೇ ತಾಯಿ, ನಿನ್ನ ಕಾಲಿಗೆ ಬೀಳ್ತೀನಿ” ಎಂದು ವ್ಯಾನನ್ನೇ ಬೇಡಿಕೊಂಡನಂತೆ. ಮಕ್ಕಳು ನಕ್ಕರಂತೆ. ಅವನು ಬಾಗಿಲು ತೆರೆದು ಒಬ್ಬೊಬ್ಬರನ್ನೇ ಎತ್ತಿ ಆಚೆ ಹಾಕತೊಡಗಿದಾಗ ನಗು ನಿಂತಿತಂತೆ. ಗೇಟಿನವನು ಬಾವುಟ ಹಿಡಿದು ಓಡಿದ್ದರಿಂದ ರೈಲು ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತಿತು. ನಿನ್ನೆ ಆ ಇಪ್ಪತ್ತು ಹೆಜ್ಜೆಯನ್ನು ನಡೆದು ನೋಡಿದೆ. ಹದಿನಾರಕ್ಕೇ ತಿರುಗಿ ಬಂದೆ.

ಈಗ ಶಾಲೆಯವರು ಡ್ರೈವರಿಗೆ ಕ್ಲಚ್ ಒತ್ತಲು ಬರುವುದಿಲ್ಲವೆಂದು ಹೇಳಿ ಅವನನ್ನು ಕೆಲಸದಿಂದ ತೆಗೆದಿದ್ದಾರೆ. ತಪ್ಪು ಅವನದಲ್ಲವೆಂದು ನಿನಗೆ ಗೊತ್ತು. ನೀನು ಸುಮ್ಮನಿದ್ದೀಯ.

ಬುಧವಾರ ಅಪ್ಪನ ಪ್ಲಗ್ ಸ್ಪ್ಯಾನರ್ ಹಿಡಿದು ಆ ವ್ಯಾನನ್ನು ಎಳೆದುತಂದು ನಿಲ್ಲಿಸಿದ್ದ ಶಾಲೆಯ ಅಂಗಳಕ್ಕೆ ಹೋದೆ. “ಏನ್ ಮೇಡಂ, ಲೈಬ್ರರಿ ಬಿಟ್ಟು ಗ್ಯಾರೇಜ್ ಇಟ್ರಾ?” ಎಂದು ಕಾವಲುಗಾರ ರೇಗಿಸಿದ. ಆ ವ್ಯಾನಿನ ಎಂಜಿನ್ ಸೀಟಿನ ಕೆಳಗೆ. ಮುಂದಿನ ಎರಡು ಪ್ಲಗ್ ಕೈಗೆ ಸಿಗುತ್ತವೆ, ಹಿಂದಿನೆರಡಕ್ಕೆ ಸೀಟನ್ನೇ ಬಿಚ್ಚಿ ಎತ್ತಬೇಕು. ನಿನ್ನ ಅಭ್ಯಾಸ ನನಗೆ ಗೊತ್ತು, ಮುಂದಿನೆರಡರ ಮುಖ ನೋಡಿ ಹಿಂದಿನೆರಡರ ಭವಿಷ್ಯ ಹೇಳುವುದು. ಮುಂದಿನವು ಬಿಸ್ಕತ್ತಿನ ಬಣ್ಣಕ್ಕೆ ಚೆನ್ನಾಗಿದ್ದವು, ತುದಿಯ ಸಂದು ಅಳತೆಯ ಗೇಜಿಗೆ ಸರಿಹೊಂದಿತು. ನೀನು ಕೆಲಸ ಬಾರದವನಲ್ಲ. ಸೀಟು ಎತ್ತಿದೆ. ಮೂರನೆಯದರ ಪಿಂಗಾಣಿ ಸೀಳಿತ್ತು. ನಾಲ್ಕನೆಯದು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಎಣ್ಣೆ ಬಿಟ್ಟು ಒಂದು ಗಂಟೆ ಕಾದು ಬಿಚ್ಚಿದೆ. ತುದಿಯಲ್ಲಿ ಮಸಿ ಕಟ್ಟಿ ಕಿಡಿ ಹಾರಲು ಸಂದೇ ಉಳಿದಿರಲಿಲ್ಲ. ಒರೆಸಿದಾಗ ಪಿಂಗಾಣಿಯ ಮೇಲೆ ಕೆಂಪು ಚುಕ್ಕೆ ಕಂಡಿತು.

ಹೊಸ ಪ್ಲಗ್ ಹಾಕಿದಾಗಲೆಲ್ಲ ಅಪ್ಪ ಇಡುತ್ತಿದ್ದ ಚುಕ್ಕೆ. ಅಪ್ಪ ತೀರಿಕೊಂಡು ಗ್ಯಾರೇಜು ನಿನ್ನ ಕೈಗೆ ಬಂದು ಆರು ವರ್ಷವಾಯಿತು. ಆರು ವರ್ಷ ನೀನು ಆ ಸೀಟು ಎತ್ತಿಲ್ಲ.

ಅದೇ ಮಾದರಿಯ ಇನ್ನೂ ಮೂರು ವ್ಯಾನುಗಳಿಗೆ ನಿನ್ನದೇ ರುಜು ಇದೆ. ಅವು ಸಂಜೆ ನಾಲ್ಕಕ್ಕೆ ಮಕ್ಕಳನ್ನು ಹತ್ತಿಸಿಕೊಂಡು ಹಳಿ ದಾಟುತ್ತವೆ. ನಿಲ್ಲಿಸಿ ಎಂದು ಮುಖ್ಯೋಪಾಧ್ಯಾಯಿನಿಯ ಬಳಿ ಗೋಗರೆದೆ. “ರುಜು ಇದೆಯಲ್ಲ ಮೇಡಂ, ಅದೂ ನಿಮ್ಮ ತಮ್ಮಂದೇ” ಎಂದರು. ನಿನಗೆ ಫೋನ್ ಮಾಡಿದರೆ, “ಅಕ್ಕಾ, ಹಳೇ ಗಾಡಿ, ನಿಲ್ಲುತ್ತೆ ಹೋಗುತ್ತೆ, ಸುಮ್ನೆ ದೊಡ್ಡದು ಮಾಡ್ಬೇಡ” ಅಂದೆ. ಆಮೇಲೆ ಫೋನೇ ಎತ್ತಲಿಲ್ಲ, ಅದಕ್ಕೇ ಈ ಪತ್ರವನ್ನು ಆಟೋದವನ ಕೈಯಲ್ಲಿ ಈಗಲೇ ಕಳಿಸುತ್ತಿದ್ದೇನೆ. ನೀನೂ ಹೆದರಿದ್ದೀಯ, ಮಗುವಾಗಿದ್ದಾಗಿನ ದನಿ ಅದು. ಆದರೂ ಈ ಪತ್ರ ಓದಿದ ಕೂಡಲೇ ಶಾಲೆಗೆ ಹೋಗಿ ಆ ಮೂರನ್ನು ನಿಲ್ಲಿಸು. ಸೀಟು ಎತ್ತಿ, ಎಂಜಿನ್ ತಣ್ಣಗಾದ ಮೇಲೆ ಒಂದೊಂದೇ ವೈರು ಬಿಡಿಸಿ, ಹಿಂದಿನ ಪ್ಲಗ್ಗುಗಳನ್ನು ಕಣ್ಣಾರೆ ನೋಡು.

ನಿನ್ನನ್ನು ಎತ್ತಿ ಆಡಿಸಿದ
ಅಕ್ಕ

ಮರೆತು ಉಳಿದದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ: ಮಂಗಳವಾರ ನಮ್ಮ ಬಾಗಿಲಲ್ಲಿ ನಿಂತಿದ್ದಾಗಲೇ ವ್ಯಾನಿನ ಎಂಜಿನ್ ಮುಗ್ಗರಿಸುತ್ತಿತ್ತು. ಪ್ಲಗ್ ಸತ್ತಿದೆಯೆಂದು ಅಪ್ಪನ ಗ್ಯಾರೇಜಿನಲ್ಲಿ ಬೆಳೆದ ನನ್ನ ಕಿವಿಗೆ ತಿಳಿಯಿತು. ನಿನ್ನ ಹೆಸರು ಕೆಟ್ಟೀತೆಂದು ತುಟಿ ಬಿಚ್ಚದೆ ಮೊಮ್ಮಗಳನ್ನು ಹತ್ತಿಸಿ ಕೈಬೀಸಿದೆ. ಭಾನುವಾರ ಪೋಷಕರ ಸಭೆಯಲ್ಲಿ ಎದ್ದು ನಿಂತು ಇದನ್ನು ಹೇಳುತ್ತೇನೆ. ಡ್ರೈವರನ್ನೂ ಕರೆದಿದ್ದೇನೆ. ಅವನ ಎದುರು, ಹನ್ನೊಂದು ಮನೆಯವರ ಎದುರು, ನೀನೂ ಉತ್ತರ ಕೊಡಬೇಕು: ನೋಡದ್ದನ್ನು ನೋಡಿದೆ ಎಂದು ಏಕೆ ಬರೆದೆ?