ಅರವತ್ತೊಂದನೆಯ ಸಾಲು

ಅಥೆನ್ಸ್, ೩ ಮಾರ್ಚ್ ೧೯೯೭. ಬೆಳಿಗ್ಗೆ ೯

ಅರವತ್ತು ಇಲಿಗಳ ತೂಕ ಆಯಿತು. ಎಲ್ಲಕ್ಕೂ ಕ್ಯಾಡ್ಮಿಯಂ ಚುಚ್ಚಿದೆ. ಎರಡು ಗಂಟೆ ಬಿಟ್ಟು ಅರ್ಧಕ್ಕೆ ಮದ್ದು, ಅರ್ಧಕ್ಕೆ ಬರೀ ಉಪ್ಪುನೀರು. ಲೋಹ ಲಿವರ್ ಸುಡುವಾಗ ಮೈಯೊಳಗಿನ ಸೆರೊಟೋನಿನ್ ಎಂಬ ರಾಸಾಯನಿಕ ಆ ಬೆಂಕಿಗೆ ತುಪ್ಪ ಸುರಿಯುತ್ತದೆ. ಮದ್ದು ಅದರ ಕೈ ಕಟ್ಟಿಹಾಕುತ್ತದೆ. ಇಷ್ಟೇ ನನ್ನ ಥೀಸಿಸ್. ಈಸ್ಟರ್ ಒಳಗೆ ಮುಗಿಯದಿದ್ದರೆ ಪ್ರೊಫೆಸರ್ ನನ್ನನ್ನೇ ಪಂಜರಕ್ಕೆ ಹಾಕುತ್ತಾರೆ.

೫ ಮಾರ್ಚ್

ಮದ್ದಿನವು ಓಡಾಡುತ್ತಿವೆ. ಉಪ್ಪುನೀರಿನವು ಒಂದೊಂದೇ ಮಲಗುತ್ತಿವೆ. ಪಂಜರ ತೊಳೆಯುವ ಮುದುಕ ಝೀಸಿಸ್ ಅದನ್ನು ಗಮನಿಸಿಬಿಟ್ಟಿದ್ದಾನೆ. ಇಪ್ಪತ್ತೆರಡು ವರ್ಷ ಪಿರೇಯಸ್ ಬಂದರಿನಲ್ಲಿ ಬೋಲ್ಟುಗಳಿಗೆ ಕ್ಯಾಡ್ಮಿಯಂ ಲೇಪ ಹಾಕಿದವನು. ಕಣ್ಣು ಹಳದಿ.

"ಡಾಕ್ಟ್ರಮ್ಮ, ನನ್ ಲಿವರ್ ತಿಂದಿದ್ದೂ ಅದೇ ಲೋಹ ಅಲ್ವಾ? ನಂಗೂ ನಾಕು ಹನಿ ಹಾಕು."

"ಇಲಿಗೆ ಎರಡು ಗಂಟೇಲಿ ಕೊಟ್ಟೆ, ಮಾವ. ನಿಮಗೆ ಇಪ್ಪತ್ತು ವರ್ಷ ಲೇಟು."

"ನಾನು ಇಲಿಗಿಂತ ಗಟ್ಟಿ ಪಿಂಡ ಕಣಮ್ಮ. ಹಾಕ್ ನೋಡು."

೧೧ ಮಾರ್ಚ್

ದಿನಾ ಅದೇ ರಗಳೆ. ತಲೆ ಚಿಟ್ಟು ಹಿಡಿಯಿತು. ಒಂದು ಬಾಟಲಿ ಕೊಟ್ಟೆ — ದಿನಕ್ಕೆ ಹತ್ತು ಹನಿ. ಉಪ್ಪುನೀರು. ಕೈಗೆ ಮುತ್ತಿಟ್ಟ. ಅವನು ಹೋದ ಮೇಲೆ ನಕ್ಕೆ.

೨೩ ಮಾರ್ಚ್, ಭಾನುವಾರ

ಮುದುಕನಿಗೆ ಲವಲವಿಕೆ ಬಂದಿದೆ! "ತೂಕಾನೂ ಏರ್ತಿದೆ, ಡಾಕ್ಟ್ರಮ್ಮ." ಋಣ ತೀರಿಸಲು ಭಾನುವಾರವೂ ಬಂದು, ಹೊಸದಾಗಿ ತಂದ ಇಲಿಗಳ ತೂಕವನ್ನು ನನ್ನ ಪುಸ್ತಕದಲ್ಲಿ ಅವನೇ ಬರೆಯುತ್ತಾನೆ. ನಾನು ಹನ್ನೊಂದಕ್ಕೆ ಎದ್ದೆ. ಅವನ ಹೆಂಡತಿ ಫೊತಿನಿ ಎಳ್ಳಿನ ಹಲ್ವಾ ಕಳಿಸಿದ್ದಳು. ತಿಂದೆ. ಚೆನ್ನಾಗಿತ್ತು.

೨ ಏಪ್ರಿಲ್

ಝೀಸಿಸ್ ಆಸ್ಪತ್ರೆಯ ಮಾತ್ರೆಗಳನ್ನು ಬಿಟ್ಟಿದ್ದಾನೆ. ಎಂಟು ದಿನವಾಯಿತಂತೆ. ಗದರಿದೆ.

"ನಿನ್ ಇಲಿಗಳಿಗೆ ಬೇರೆ ಮಾತ್ರೆ ಕೊಡ್ತೀಯಾ? ಇಲ್ವಲ್ಲ! ಲೆಕ್ಕ ಕೆಡುತ್ತೆ ಅಂತ ನೀನೇ ಬಯ್ತಿದ್ದೆ."

ಹೊಟ್ಟೆ ಉಬ್ಬಿದೆ. ಏರಿದ ತೂಕವೆಲ್ಲ ಅಲ್ಲಿ ತುಂಬಿದ ನೀರು. ಬಾಟಲಿಯಲ್ಲಿರುವುದು ಬರೀ ಉಪ್ಪುನೀರು ಎಂದು ಹೇಳಬೇಕಿತ್ತು. ಹೇಳಿದರೆ ಪ್ರೊಫೆಸರ್ ಕಿವಿಗೆ ಬೀಳುತ್ತದೆ, ಥೀಸಿಸ್ ಮಣ್ಣುಪಾಲು. ನಾಳೆ ಹೇಳುತ್ತೇನೆ.

೧೯ ಏಪ್ರಿಲ್, ಲಾಜರಸ್ ಶನಿವಾರ

ಸತ್ತ ಲಾಜರಸ್ ಎದ್ದು ಬಂದನೆನ್ನುವ ದಿನವೇ ಝೀಸಿಸ್‌ನನ್ನು ಹೂಳಿದರು. ನಾನು ಹೇಳಲೇ ಇಲ್ಲ.

ಫೊತಿನಿ ನನ್ನ ಕೈಗೆ ಬಾಟಲಿ ಇಟ್ಟಳು. ಅರ್ಧ ಉಳಿದಿತ್ತು. "ನಿನ್ನಿಂದ ಒಂದು ತಿಂಗ್ಳು ಜಾಸ್ತಿ ಬದುಕಿದ್ರು, ಮಗಳೇ. ಇದು ಇಲಿಗಳಿಗಾದ್ರೂ ಆಗ್ಲಿ, ದಂಡ ಮಾಡ್ಬೇಡ."

ಅಸಹ್ಯ. ನನ್ನ ಮೇಲೇ.

೨೧ ಏಪ್ರಿಲ್. ಬೆಳಿಗ್ಗೆ ೮

ಹತ್ತು ಗಂಟೆಗೆ ಪ್ರೊಫೆಸರ್‌ಗೆ ತೂಕದ ಪುಸ್ತಕ ಕೊಡಬೇಕು. ಈಗ ತೆರೆದೆ. ಮೊದಲ ಅರವತ್ತು ಇಲಿಗಳ ಸಾಲುಗಳ ಕೆಳಗೆ, ಝೀಸಿಸ್‌ನ ದಪ್ಪ ಅಕ್ಷರ. ೬೧: ಝೀಸಿಸ್. ಇಲಿಗಳ ಸಾಲುಗಳು ಮೂರನೇ ದಿನಕ್ಕೆ ನಿಂತಿವೆ. ಇವನದು ಹಾಳೆಯ ಅಂಚು ದಾಟಿ, ಅಂಟಿಸಿದ ಚೀಟಿಯ ಮೇಲೂ ಹೋಗಿದೆ. ೬೨ ಕಿಲೊ. ೬೪. ೬೭. 'ಕಣ್ಣು ಹಳದಿ.' 'ಕಣ್ಣು ಹಳದಿ, ಆದರೆ ಸ್ವಲ್ಪ ಕಡಿಮೆ.' ನನಗೆ ಸಹಾಯವಾಗಲಿ ಅಂತ ಬರೆದಿದ್ದಾನೆ, ಮಹಾರಾಯ.

ಪುಟಗಳಿಗೆ ನಂಬರ್ ಇದೆ, ಹರಿಯುವಂತಿಲ್ಲ. ಗುಂಪಿನ ಕಾಲಮ್ಮಿನಲ್ಲಿ ಬರೆದಿದ್ದಾನೆ — ಮದ್ದು.

ಅದು ಸುಳ್ಳು. ಪ್ರೊಫೆಸರ್ ನೋಡುವ ಮೊದಲು ತಿದ್ದಬೇಕು. ಕೆಂಪು ಪೆನ್ನಿನಲ್ಲಿ, ನನ್ನ ಸಹಿ ಹಾಕಿ. ಮೊದಲು ಇಲ್ಲಿ ಬರೆದು ನೋಡುತ್ತೇನೆ, ಪೂರ್ತಿ ಬರೆಯಲಾದರೆ ಪುಸ್ತಕದಲ್ಲಿ.

೬೧: ಝೀಸಿಸ್. ಗುಂಪು: ಉಪ್ಪು—