ನಿಂಬೆ ಮುಳ್ಳು ಕಲಿಸಿದ ಡ್ರೈವಿಂಗ್

ಇಂಡಿ
ರವಿವಾರ, ೯-೨-೨೦೨೫

ನನ್ನ ಮುದ್ದಿನ ಪಲ್ಲವಿಗೆ ಅಜ್ಜ ಗುರಪ್ಪನ ಆಶೀರ್ವಾದ.

ಆರಾಮ ಇದ್ದೀಯಾ ಮಗಳೇ? ಧಾರವಾಡದಲ್ಲಿ ಬೆಳಗಿನ ಚಳಿ ಇನ್ನೂ ಬಿಟ್ಟಿಲ್ಲ ಎಂದು ನಿನ್ನ ಆಯಿ ಹೇಳಿದಳು. ಕಿವಿಗೆ ಬಟ್ಟೆ ಕಟ್ಟಿಕೊಂಡು ಹೊರಗೆ ಹೋಗು, ಹೋದ ವರ್ಷದ ಹಾಗೆ ಕೆಮ್ಮು ಹಚ್ಚಿಕೊಳ್ಳಬೇಡ. ಹಾಸ್ಟೆಲ್ಲಿನ ಊಟ ಗಂಟಲಲ್ಲಿ ಇಳಿಯುವುದಿಲ್ಲವಂತೆ, ಅದಕ್ಕೆ ಆಯಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಒಂದು ಡಬ್ಬಿ ನಿಂಬೆ ಉಪ್ಪಿನಕಾಯಿ ಕಟ್ಟಿದ್ದಾಳೆ. ಉಪ್ಪಿನಕಾಯಿಯನ್ನು ಗೆಳತಿಯರಿಗೆ ಹಂಚಿ ಖಾಲಿ ಮಾಡಬೇಡ, ನೀನೂ ತಿನ್ನು. ಇಲ್ಲಿ ಮುದುಕ ಮುದುಕಿ ಸಹಿತ ನಾವೆಲ್ಲ ಕ್ಷೇಮ. ಆಯಿಯ ಮೊಣಕಾಲು ಮೆಟ್ಟಿಲು ಹತ್ತುವಾಗ ಮಾತ್ರ ಬೈಯುತ್ತದೆ, ಆಮೇಲೆ ಅವಳು ನನ್ನನ್ನು ಬೈಯುತ್ತಾಳೆ. ನಿನ್ನ ಸುನೀಲ ಕಾಕಾನಿಗೆ ದನಗಳ ಲಸಿಕೆ ಹಾಕುವ ಕೆಲಸದಲ್ಲಿ ಊಟಕ್ಕೂ ಪುರುಸೊತ್ತಿಲ್ಲ. ನಿನ್ನ ಸುದ್ದಿಯೆಲ್ಲ ನನಗೆ ಆಯಿಯ ಬಾಯಿಂದಲೇ ತಿಳಿಯಬೇಕು, ಯಾಕೆಂದರೆ ದೀಪಾವಳಿಯಿಂದ ಈಚೆಗೆ ನೀನು ಫೋನು ಮಾಡಿದರೆ ಅವಳ ಹತ್ತಿರ ಮಾತಾಡಿ ಇಟ್ಟುಬಿಡುತ್ತೀ. ನಾನು ಪಕ್ಕದ ಕುರ್ಚಿಯಲ್ಲಿ ಪೇಪರು ಹಿಡಿದು ಕುಳಿತು, ಒಂದಕ್ಷರ ಓದದೆ ಎಲ್ಲ ಕೇಳಿಸಿಕೊಳ್ಳುತ್ತೇನೆ.

ಈಗ ಸುದ್ದಿಗೆ ಬರುತ್ತೇನೆ. ಗೆದ್ದೆವು ಪಲ್ಲವಿ! ಲೀಟರಿಗೆ ಇಪ್ಪತ್ನಾಲ್ಕೂವರೆ ಕಿಲೋಮೀಟರು. ಮೂರು ವಾರ, ಅದೇ ಗಾಡಿ, ಅದೇ ರಸ್ತೆ, ಅದೇ ಡ್ರೈವರು. ಲಾಗ್ ಶೀಟುಗಳನ್ನು ಇದರ ಜೊತೆಗೇ ಇಟ್ಟಿದ್ದೇನೆ, ಪ್ರತಿ ಹಾಳೆಯ ಕೆಳಗೆ ನನ್ನ ಸಹಿ, ಅದರ ಪಕ್ಕದಲ್ಲಿ ಸಾಕ್ಷಿಗೆ ಕಂಡಕ್ಟರ್ ಶಾನವಾಜನ ಸಹಿ. ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನನ್ನ ದನಿ ತಾನಾಗಿಯೇ ಏರುತ್ತದೆ, ನಿನಗೆ ಗೊತ್ತು. ಅಲ್ಲದೆ ಕಾಗದವಿದ್ದರೆ ನಿನ್ನ ಗೈಡ್ ಸರ್ ಮುಂದೆ ಇಡಬಹುದು. ಅವರು ಓದಲಿ ಎಂದೇ ಎಲ್ಲವನ್ನೂ ಮೊದಲಿನಿಂದ ಬರೆಯುತ್ತೇನೆ, ನಿನಗೆ ಗೊತ್ತಿದ್ದದ್ದೇ ಮತ್ತೆ ಬಂದರೆ ಬೇಸರ ಪಡಬೇಡ.

ಸರ್, ನಾನು ಮೂವತ್ತೊಂದು ವರ್ಷ ಸರಕಾರಿ ಬಸ್ಸು ಓಡಿಸಿದವನು. ಅದರಲ್ಲಿ ಹದಿನಾಲ್ಕು ವರ್ಷ ಇಂಡಿಯಿಂದ ಸಿಂದಗಿ, ಬಸವನ ಬಾಗೇವಾಡಿ ಮೇಲೆ ಮುದ್ದೇಬಿಹಾಳ. ಆ ದಾರಿಯ ಒಂದೊಂದು ಹಂಪು ನನ್ನ ಸೊಂಟಕ್ಕೆ ಗೊತ್ತು. ಲೀಟರಿಗೆ ಅತಿ ಹೆಚ್ಚು ಕಿಲೋಮೀಟರು ಕೊಟ್ಟ ಡ್ರೈವರ್ ಎಂದು ಡಿಪೋದವರು ಎರಡು ಸಲ ಹಾರ ಹಾಕಿದ್ದಾರೆ, ಅವರು ಕೊಟ್ಟ ಗೋಡೆ ಗಡಿಯಾರ ಈಗಲೂ ನಮ್ಮ ಪಡಸಾಲೆಯಲ್ಲಿ ನಡೆಯುತ್ತಿದೆ. ಹೋದ ವರ್ಷ ನನ್ನ ಮಗ ಸುನೀಲ ಪೆಟ್ರೋಲು ಮತ್ತು ಬ್ಯಾಟರಿ ಎರಡರಿಂದಲೂ ಓಡುವ ಹೈಬ್ರಿಡ್ ಕಾರು ಕೊಂಡ. ಅವನು ದನದ ಡಾಕ್ಟರು, ದಿನಕ್ಕೆ ನಾಲ್ಕು ಹಳ್ಳಿ ತಿರುಗಬೇಕು, ಓಡಿಸುವವನು ನಾನು. ಆಗ ನಮ್ಮ ಪಲ್ಲವಿ, ಇಂಥ ಗಾಡಿಗಳಿಂದ ಹಳ್ಳಿಯ ರಸ್ತೆಯಲ್ಲಿ ಪರಿಸರಕ್ಕೆ ನಿಜವಾಗಿ ಉಪಯೋಗ ಇದೆಯೋ ಇಲ್ಲವೋ ಎಂಬುದನ್ನೇ ತನ್ನ ಪ್ರಬಂಧಕ್ಕೆ ಎತ್ತಿಕೊಂಡು, ಮೂರು ತಿಂಗಳು ಲೆಕ್ಕ ಬರೆದುಕೊಡು ಎಂದು ನನ್ನನ್ನು ಕೇಳಿದಳು. ಬರೆದುಕೊಟ್ಟೆ. ಲೀಟರಿಗೆ ಹದಿನೆಂಟು ದಾಟಲಿಲ್ಲ. ಬ್ಯಾಟರಿ ಇಲ್ಲದ ಸಾದಾ ಕಾರೂ ಅಷ್ಟು ಕೊಡುತ್ತದೆ. ಇಂಡಿ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ನಾವು ರಿಟೈರಾದವರು ದಿನಾ ಕೂಡುತ್ತೇವೆ, ಅಲ್ಲಿ ನಾನು ಈ ಗಾಡಿ ಶುದ್ಧ ಬೋಗಸ್ ಎಂದು ಸಾರಿದೆ. ಎಲ್ಲರೂ ನಂಬಿದರು. ಗುರಪ್ಪ ಓಡಿಸಿಯೂ ಬರಲಿಲ್ಲ ಅಂದಮೇಲೆ ಇನ್ನಾರು ಓಡಿಸಿದರೆ ಬಂದೀತು?

ಮುಂದಿನದು ನಿನಗೇ ಹೇಳುವ ಮಾತು ಪಲ್ಲವಿ. ದೀಪಾವಳಿಗೆ ನೀನು ಬಂದೆ. ಈ ಅಂಕಿಗಳು ಬೇರೆಲ್ಲಿಯ ಅಂಕಿಗಳಿಗೂ ಹೊಂದುತ್ತಿಲ್ಲ, ಸರಿಯಾದ ಕಾರಣ ಸಿಗದಿದ್ದರೆ ಇಂಡಿಯ ಅಧ್ಯಾಯವನ್ನೇ ಕಿತ್ತುಹಾಕು ಎಂದು ಸರ್ ಹೇಳಿದ್ದಾರೆ, ಫೆಬ್ರವರಿ ಕೊನೆಗೆ ಪ್ರಬಂಧ ಒಪ್ಪಿಸಬೇಕು ಎಂದೆ. ಒಂದು ವರ್ಷದ ದುಡಿಮೆ ಹೋಗುತ್ತದೆ ಎನ್ನುವಾಗ ನಿನ್ನ ಮುಖ ಸಣ್ಣದಾಗಿತ್ತು. ಅಂಗಳದಲ್ಲಿ ಸುನೀಲ, ಶಾನವಾಜ, ಓಣಿಯ ನಾಲ್ಕು ಮಂದಿ ಇದ್ದರು. ಅವರ ಮುಂದೆಯೇ ನೀನು ಕೇಳಿದೆ, “ಅಜ್ಜಾ, ಇಳುಕಲಿನಾಗ ಗೇರ್ ತಗದು ನ್ಯೂಟ್ರಲ್ ಮಾಡ್ತೀ ಏನು?” ನಾನು ಸಿಟ್ಟಿಗೆದ್ದೆ. “ನಿಮ್ಮಪ್ಪ ಚಡ್ಡಿ ಹಾಕ್ಕೊಳ್ಳಾಕ ಕಲಿಯೂದಕಿಂತ ಮೊದಲ ನಾ ಸ್ಟೇರಿಂಗ್ ಹಿಡದಾವ. ಪುಸ್ತಕದ ಬದನಿಕಾಯಿ ತಂದು ನನಗ ಗಾಡಿ ಕಲಸ್ತೀ?” ಎಂದೆ. ಎಲ್ಲರೂ ನಕ್ಕರು. ನೀನು ನಗಲಿಲ್ಲ. ಮರುದಿನ ಬೆಳಗಿನ ಮೊದಲ ಬಸ್ಸಿಗೆ ಒಬ್ಬಳೇ ಬ್ಯಾಗು ಹೊತ್ತು ನಡೆದೆ. ನೀನು ಸಾಲಿಗೆ ಹೋಗುವ ದಿನದಿಂದ ನಿನ್ನನ್ನು ಸ್ಟ್ಯಾಂಡಿಗೆ ಬಿಟ್ಟವನು ನಾನು. ಅಂದು ಗಾಡಿ ತೊಳೆದು ನಿಲ್ಲಿಸಿದ್ದೆ, ಕೀಲಿ ಕೈಯಲ್ಲೇ ಉಳಿಯಿತು.

ಸಂಕ್ರಾಂತಿಗೆ ಒಂದು ವಾರ ಮೊದಲು ತೋಟದಲ್ಲಿ ಕಾಯಿ ಹರಿಯುವಾಗ ಎಡ ಅಂಗೈಗೆ ನಿಂಬೆ ಮುಳ್ಳು ಹೊಕ್ಕಿತು. ಸಣ್ಣ ಮುಳ್ಳು ಎಂದು ಬಿಟ್ಟೆ. ಮೂರನೇ ದಿನಕ್ಕೆ ಕೈ ಬಾತು ಬೋಂಡಾ ಆಯಿತು. ಡಾಕ್ಟರು ಕೊರೆದು ತೆಗೆದು, ಮಣಿಕಟ್ಟಿನ ತನಕ ಬ್ಯಾಂಡೇಜು ಸುತ್ತಿ, ಎಂಟು ದಿನ ಈ ಕೈಯಿಂದ ಏನನ್ನೂ ಹಿಡಿಯಬೇಡ ಎಂದರು. ಗಾಡಿ ಮುಟ್ಟಬೇಡ ಎಂದು ಆಯಿ ಗದರಿದಳು. ನಾನು ಕೇಳುವವನೇ? ಈ ಕಾರಿಗೆ ಕ್ಲಚ್ಚಿಲ್ಲ, ಗೇರಿನ ದಂಡವನ್ನು ಬಲಗೈಯಿಂದ ಒಮ್ಮೆ ಡಿ ಅಕ್ಷರಕ್ಕೆ ತಂದುಬಿಟ್ಟರೆ ಮುಗಿಯಿತು. ಎಡಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಎಂಟು ದಿನ ಹಾಗೆಯೇ ಓಡಿಸಿದೆ. ಎಂಟನೆಯ ದಿನ ಪೆಟ್ರೋಲು ಹಾಕಿಸಲು ಹೋದರೆ ಟ್ಯಾಂಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿದೆ! ಗೇಜಿನ ಮುಳ್ಳು ಸಿಕ್ಕಿಕೊಂಡಿದೆಯೇನೋ ಎಂದು ಗಾಜಿಗೆ ಬೆರಳಿನಿಂದ ಬಡಿದು ನೋಡಿದೆ. ಪೆಟ್ರೋಲ್ ಪಂಪಿನವನ ಮೇಲೆಯೂ ಅನುಮಾನ ಪಟ್ಟೆ. ಅಲ್ಲಿಂದ ವಾಪಸು ಬರುವಾಗ ಹಳ್ಳದ ಇಳುಕಲು ಬಂತು, ಬ್ಯಾಂಡೇಜು ಕಟ್ಟಿದ ಕೈ ತಾನಾಗಿ ಎದ್ದು ದಂಡದ ಕಡೆ ಹೋಯಿತು, ನೋವಿಗೆ ಹಿಂದೆ ಬಂತು. ನಾನು ಗಾಡಿಯನ್ನು ಬದಿಗೆ ನಿಲ್ಲಿಸಿದೆ.

ನಮ್ಮ ಕಾಲದ ಡ್ರೈವರುಗಳ ವಿದ್ಯೆ ಅದು. ಇಳುಕಲು ಬಂದರೆ ಗೇರು ತೆಗೆದು ನ್ಯೂಟ್ರಲ್ ಮಾಡಿ ಉರುಳಲು ಬಿಡುವುದು, ಡೀಸೆಲ್ ಉಳಿಸುವುದು. ಡೋಣಿ ಹೊಳೆಯ ಎರಡೂ ದಂಡೆಗೆ ನಾನು ಹಾಗೆ ಉರುಳಿಸಿಯೇ ಆ ಗಡಿಯಾರ ತಂದದ್ದು. ಈ ಗಾಡಿಯಲ್ಲಿ ಇಳುಕಲಿನ ಜೋರಿನಿಂದಲೇ ಬ್ಯಾಟರಿ ತುಂಬಿಕೊಳ್ಳುತ್ತದೆ, ದಂಡ ಡಿಯಲ್ಲಿ ಇದ್ದರೆ ಮಾತ್ರ. ನ್ಯೂಟ್ರಲ್ ಮಾಡಿದೆಯೋ, ಚಕ್ರ ಬರಿದೇ ತಿರುಗುತ್ತದೆ, ಬ್ಯಾಟರಿ ಖಾಲಿ ಉಳಿಯುತ್ತದೆ, ಮುಂದಿನ ಏರಿಗೆ ಪೆಟ್ರೋಲೇ ಗತಿ. ನೀನು ಅಂಗಳದಲ್ಲಿ ಕೇಳಿದ್ದು ಇದನ್ನೇ. ಮೂರು ತಿಂಗಳು ನಾನು ಉಳಿಸುತ್ತೇನೆಂದು ಚೆಲ್ಲಿದ್ದೆ.

ಅಂದೇ ಶಾನವಾಜನ ಮನೆಗೆ ಹೋದೆ. ಒಂದೇ ಬಸ್ಸಿನಲ್ಲಿ ಹದಿನಾಲ್ಕು ವರ್ಷ ನನ್ನ ಬೆನ್ನಿಗೆ ಸೀಟಿ ಊದಿದವನು, ಅವನ ಮುಂದೆ ಮರ್ಯಾದೆ ಹೋದರೂ ಅಡ್ಡಿಯಿಲ್ಲ. ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಟ್ರಂಕಿನಿಂದ ಟಿಕೆಟಿಗೆ ತೂತು ಹಾಕುವ ಹಳೆಯ ಪಂಚು ತೆಗೆದ. “ನಡೀರಿ ಗುರಪ್ಪಣ್ಣ, ನಾ ಪಕ್ಕದ ಸೀಟಿನಾಗ ಕುಂದರ್ತೇನಿ. ನಿಮ್ಮ ಕೈ ದಂಡದ ಕಡಿ ಹೋದರ ಇದರಲೇ ಬೆರಳ ಹಿಡೀತೇನಿ,” ಎಂದ. ಹಾಗೆಯೇ ಮಾಡಿದ, ಹರಾಮಖೋರ. ಮೊದಲ ದಿನ ಹನ್ನೊಂದು ಸಲ ಕಟಕಟ ಅನ್ನಿಸಿದ, ಎರಡು ಸಲ ನಿಜವಾಗಿ ಹಿಡಿದ. ವಾರ ಕಳೆಯುವಷ್ಟರಲ್ಲಿ ಪಂಚು ಅವನ ಜೇಬಿನಲ್ಲೇ ಉಳಿಯಿತು. ಅಳತೆ ಡಿಪೋದ ಅಳತೆ: ಒಂದೇ ಪಂಪು, ಟ್ಯಾಂಕು ಕೊರಳ ತನಕ ತುಂಬಿಸಿ, ಇಬ್ಬರೂ ಆ ಕಡೆ ಈ ಕಡೆ ನಿಂತು ಗಾಡಿ ಅಲ್ಲಾಡಿಸಿ ಒಳಗಿನ ಗಾಳಿ ಬಿಡಿಸಿ, ಮತ್ತೆ ತುಂಬಿಸಿ. ಕೊನೆಗೆ ಮೊನ್ನೆ ಶುಕ್ರವಾರ ನಮ್ಮ ಹಳೆಯ ರೂಟು ಹಿಡಿದೆವು. ಸಿಂದಗಿಯಲ್ಲಿ ನಿನ್ನಪ್ಪ ಮುತ್ತುರಾಜನ ಮನೆಯಲ್ಲಿ ಚಹಾ, ಬಾಗೇವಾಡಿಯಲ್ಲಿ ಮಿರ್ಚಿ, ಮುದ್ದೇಬಿಹಾಳದಲ್ಲಿ ಊಟ. ಡೋಣಿಯ ಇಳುಕಲಿನಲ್ಲಿ ಪರದೆಯ ಮೇಲೆ ಬ್ಯಾಟರಿಯ ಗೆರೆಗಳು ಒಂದೊಂದೇ ತುಂಬುತ್ತ ಬಂದಾಗ ನಾವಿಬ್ಬರು ಮುದುಕರು ಸೀಟಿ ಹೊಡೆದೆವು. ವಾಪಸು ಬಂದು ತುಂಬಿಸಿ, ಮೂರು ವಾರದ ಲೆಕ್ಕ ಕೂಡಿಸಿದರೆ ಇಪ್ಪತ್ನಾಲ್ಕೂವರೆ. ಶಾನವಾಜ ಪಂಪಿನಲ್ಲೇ ನನ್ನನ್ನು ಅಪ್ಪಿಕೊಂಡ.

ನಿನ್ನೆ ಚಹಾದಂಗಡಿಗೆ ಹೋಗಿ, ಬೋಗಸ್ ಎಂದು ಎಲ್ಲಿ ನಿಂತು ಹೇಳಿದ್ದೆನೋ ಅಲ್ಲೇ ನಿಂತು ಗಾಡಿ ಬರೋಬರಿ ಇದೆ ಎಂದೆ. ನಮ್ಮ ತೋಟದ ಪಕ್ಕದ ಧರ್ಮರಾಜ ಅಲ್ಲಿದ್ದ. ನಿಂಬೆ ಕಿತ್ತು ಕಬ್ಬು ಹಚ್ಚಿದ್ದಾನೆ. ಪೆಟ್ರೋಲಿಗೆ ಈಗ ಕಬ್ಬಿನ ಎಥೆನಾಲ್ ಬೆರೆಸುತ್ತಾರೆ, ತಾನೂ ಗಾಳಿ ಶುದ್ಧ ಮಾಡುತ್ತಿದ್ದೇನೆ ಎಂದು ಎದೆ ಉಬ್ಬಿಸಿದ. ನಿನ್ನ ಬೋರು ಈ ವರ್ಷ ಎಷ್ಟು ತಾಸು ನೀರು ಎತ್ತುತ್ತದೆ ಎಂದು ಕೇಳಿದೆ. ಹೋದ ವರ್ಷದ ಅರ್ಧ ಎಂದು ಒಪ್ಪಿಕೊಂಡ. ಹಾಗಾದರೆ ಟ್ಯಾಂಕಿನಲ್ಲಿ ಉಳಿದದ್ದು ಕಬ್ಬಿನ ನೀರಡಿಕೆಗೆ ಬೋರಿನಲ್ಲಿ ಹೋಗುತ್ತಿದೆ ಎಂದು ನನಗನಿಸುತ್ತದೆ, ಇದನ್ನೂ ನೀನು ವಿಚಾರಿಸಿ ಬರೆ. ಇನ್ನೊಂದು ಮಾತು, ಇದನ್ನು ಬರೆಯದಿದ್ದರೆ ನನ್ನ ಖಾಕಿ ಬಟ್ಟೆಗೆ ಅವಮಾನ. ನಮ್ಮ ಬಸ್ಸು ಲೀಟರಿಗೆ ಐದು ಕಿಲೋಮೀಟರು ಓಡುತ್ತದೆ, ಒಳಗೆ ಐವತ್ತೆರಡು ಮಂದಿ. ತಲೆಗೆ ಹಂಚು. ಒಬ್ಬನೇ ಕುಳಿತ ಈ ಕಾರು ಹತ್ತಿರವೂ ಬರುವುದಿಲ್ಲ, ನಾಲ್ವರು ಕುಳಿತರೂ ಸೋಲುತ್ತದೆ. ಬಸ್ಸು ಹೋಗದ ವಸ್ತಿಗೆ, ಹೊತ್ತಲ್ಲದ ಹೊತ್ತಿನಲ್ಲಿ ಎಮ್ಮೆ ಈಯಿಸಲು ಓಡುವ ಸುನೀಲನಿಗೆ ಈ ಗಾಡಿ ನಿಜವಾಗಿ ಉಪಯೋಗ. ಬಸ್ ಸ್ಟ್ಯಾಂಡಿನ ಎದುರು ಮನೆ ಮಾಡಿಕೊಂಡು ಒಬ್ಬನೇ ಕಾರಿನಲ್ಲಿ ವಿಜಯಪುರಕ್ಕೆ ಹೋಗುವವನಿಗೆ ಬ್ಯಾಟರಿ ಇದ್ದರೂ ಅಷ್ಟೇ. ಇದು ನನ್ನ ಅಭಿಪ್ರಾಯ. ನಿನ್ನ ಸರ್ ಒಪ್ಪದಿದ್ದರೆ ಒಂದು ದಿನ ಇಂಡಿಗೆ ಕಳಿಸು, ಸ್ಟ್ಯಾಂಡಿನಲ್ಲಿ ನಿಲ್ಲಿಸಿ ತೋರಿಸುತ್ತೇನೆ.

ಅಂತೂ ನಿನ್ನ ಇಂಡಿ ಅಧ್ಯಾಯವನ್ನು ಯಾರೂ ಕೀಳುವ ಹಾಗಿಲ್ಲ. ಹಳೆಯ ಹದಿನೆಂಟಿಗೂ ಕಾರಣ ಸಿಕ್ಕಿತು, ಹೊಸ ಇಪ್ಪತ್ನಾಲ್ಕೂವರೆಗೂ ಕಾರಣ ಸಿಕ್ಕಿತು. ಕೈಗೆ ಮೂವತ್ತೊಂದು ವರ್ಷದ ರೂಢಿ, ನನಗೆ ತಿಳಿಯದೆಯೇ ದಂಡಕ್ಕೆ ಹೋಗುತ್ತಿತ್ತು ಎಂದು ಬರೆದರೆ ಸರ್ ಒಪ್ಪುತ್ತಾರೆ. ಮನಸ್ಸಿಟ್ಟು ಬರೆ, ಹೊತ್ತಿಗೆ ಸರಿಯಾಗಿ ಉಣ್ಣು. ಆಯಿ ನಿನ್ನ ನೆತ್ತಿಗೆ ಎಣ್ಣೆ ಹಚ್ಚಿ ಮೂರು ತಿಂಗಳಾಯಿತು ಎಂದು ದಿನಾ ಎಣಿಸುತ್ತಾಳೆ. ಕಾಕಾ ಕಾಕುಗಳ ನೆನಪುಗಳು, ಶಾನವಾಜನ ಸಲಾಮು. ನಿನ್ನ ಪುಸ್ತಕ ಗೆದ್ದು ಬರಲಿ, ನೂರು ವರ್ಷ ಬಾಳು ಮಗಳೇ.

ನಿನ್ನ ಅಜ್ಜ,
ಗುರಪ್ಪ
(ನಿವೃತ್ತ ಡ್ರೈವರ್, ಇಂಡಿ)

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಮೇಲೆ ‘ನನಗೆ ತಿಳಿಯದೆಯೇ’ ಎಂದು ಬರೆದದ್ದು ಸುಳ್ಳು. ನೀನು ಕೇಳಿದ ದಿನ ನನಗೆ ಚೆನ್ನಾಗಿ ಗೊತ್ತಿತ್ತು, ಅದೇ ದಿನ ಬೆಳಿಗ್ಗೆಯೂ ನ್ಯೂಟ್ರಲ್ ಮಾಡಿಯೇ ಬಂದಿದ್ದೆ. ಮಂದಿ ಮುಂದೆ ಹೂಂ ಅನ್ನಲು ಬಾಯಿ ಬರಲಿಲ್ಲ, ಅದಕ್ಕೆ ನಿನ್ನನ್ನು ಬೈದೆ. ಗಾಡಿ ಕೆಟ್ಟಿರಲಿಲ್ಲ, ನಿನ್ನ ಪ್ರಶ್ನೆಯೂ ತಪ್ಪಿರಲಿಲ್ಲ. ಮೊದಲ ಮೂರು ತಿಂಗಳ ಅಂಕಿ ಡ್ರೈವರನ ತಪ್ಪಿನಿಂದ ಕೆಟ್ಟಿತು, ಕೇಳಿದಾಗಲೂ ಅವನು ನಿಜ ಹೇಳಲಿಲ್ಲ ಎಂದು ನನ್ನ ಹೆಸರು, ಬಿಲ್ಲೆ ನಂಬರು ೧೧೪೭ ಹಾಕಿಯೇ ಬರೆ. ಸರ್ ಓದಲಿ, ಎಲ್ಲರೂ ಓದಲಿ. ಶಾನವಾಜನ ಪಂಚನ್ನು ರೊಟ್ಟಿ ಗಂಟಿನಲ್ಲಿ ಇಟ್ಟಿದ್ದೇನೆ. ಬರುವಾಗ ಮರೆಯದೆ ತಗೊಂಡು ಬಾ. ವಾಪಸು ಹೋಗುವ ದಿನ ಸ್ಟ್ಯಾಂಡಿಗೆ ನಾನೇ ಬಿಡುತ್ತೇನೆ, ಪಕ್ಕದ ಸೀಟಿನಲ್ಲಿ ಅದನ್ನು ಹಿಡಿದು ನೀನು ಕೂಡು.