ನೀಲಿ ಮುಚ್ಚಳದ ಬಾಟಲಿ

ಅಮ್ಮಾ,

ಈಗಷ್ಟೇ ಮನೆಗೆ ಬಂದೆ. ಪೆಟ್ಟಿಗೆ ಇನ್ನೂ ಬಾಗಿಲಲ್ಲೇ ಇದೆ, ಕಾಲು ಊದಿಕೊಂಡಿದೆ. ನೀನು ತೀರಿಕೊಂಡ ಮೇಲೆ ನಮ್ಮ ಚರ್ಚಿನವರನ್ನು ವಿದೇಶದ ಯಾತ್ರೆಗೆ ಕರೆದುಕೊಂಡು ಹೋಗಿದ್ದು ಇದೇ ಮೊದಲು. ಅದೇ ಕಪ್ಪೆ ತೂಗುವ ಕೆಲಸ. ಒಬ್ಬರನ್ನು ಬಸ್ಸು ಹತ್ತಿಸುವಷ್ಟರಲ್ಲಿ ಇನ್ನೊಬ್ಬರು ಜಪಸರ ಕೊಳ್ಳಲು ಇಳಿದಿರುತ್ತಾರೆ. ಫಾದರ್ ಮಾತ್ರ ಮುಂದಿನ ಸೀಟಿನಲ್ಲಿ ಹಾಯಾಗಿ ಗೊರಕೆ ಹೊಡೆಯುತ್ತಿದ್ದರು.

ಯಾತ್ರಾಸ್ಥಳದ ಮಾತೆಯ ಬುಗ್ಗೆಯ ಪವಿತ್ರ ನೀರನ್ನು ಕೈಚೀಲದಲ್ಲಿ ಇಡಬೇಡಿ, ದೊಡ್ಡ ಪೆಟ್ಟಿಗೆಗೆ ಹಾಕಿ ಎಂದು ಎಲ್ಲರಿಗೂ ಬಾಯಿ ನೋಯುವಷ್ಟು ಹೇಳಿದ್ದೆ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬಿದ್ದವಳು ನಾನೇ. ನಿನ್ನ ಮಂಡಿಗೆ ಹಚ್ಚಲೆಂದು ಪ್ರತಿ ಸಲ ತರುತ್ತಿದ್ದೆನಲ್ಲ, ಅದೇ ನೀಲಿ ಮುಚ್ಚಳದ ಬಾಟಲಿ. ಈ ಸಲ ಯಾವಾಗ ತುಂಬಿಸಿಕೊಂಡೆನೋ ನನಗೇ ನೆನಪಿಲ್ಲ. ಕುಡಿ, ಇಲ್ಲವೇ ಬಿಸಾಡು ಎಂದು ತಪಾಸಣೆಯವನು ಸನ್ನೆ ಮಾಡಿದ. ಮಾತೆಯ ನೀರನ್ನು ಕಸದ ಡಬ್ಬಿಗೆ ಸುರಿಯುವುದು ಹೇಗೆ? ನಿಂತಲ್ಲೇ ಅಷ್ಟನ್ನೂ ಗಟಗಟ ಕುಡಿದೆ.

ನಾನು ತಳ್ಳುತ್ತಿದ್ದ ಗಾಲಿಕುರ್ಚಿಯಲ್ಲಿ ನಮ್ಮ ದರ್ಜಿಯ ತಾಯಿ ಕೂತಿದ್ದರು, ಈಚೆಗಷ್ಟೇ ಊರಿಂದ ಮಗನ ಮನೆಗೆ ಬಂದವರು. "ಯಾರಿಗೆ ತಗೊಂಡಿದ್ದೆ ಮಗಳೇ?" ಎಂದರು.

"ಅಮ್ಮನಿಗೆ."

"ಬರೀ ನೀರ್ಯಾಕೆ, ಅವರನ್ನೇ ಕರ್ಕೊಂಡು ಬರಬಾರದಾ? ನನ್ನನ್ನ ಇಷ್ಟು ದೂರ ತಳ್ಕೊಂಡು ಬಂದಿಲ್ವಾ ನೀನು!"

"ಮುಂದಿನ ವರ್ಷ ಕರ್ಕೊಂಡು ಬರ್ತೀನಿ," ಅಂದುಬಿಟ್ಟೆ.

ನಿನಗೆ ಹೇಳಿ ಹೇಳಿ ಬಾಯಿಗೆ ರೂಢಿಯಾಗಿಹೋಗಿದೆ, ಅಮ್ಮಾ.